ಬಣ್ಣದ ಪೆನ್ಸಿಲುಗಳಿಂದ ಪ್ರಕೃತಿಚಿತ್ರಣ

(ಪ್ರೌಢಶಾಲೆಯ ವಿದ್ಯಾರ್ಥಿನಿಯರಿಗಾಗಿ ಒಂದು ಪಾಠ)



ಈ ಸ್ಮರಣಸಂಚಿಕೆಗಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ವ್ಯಾಕರಣವನ್ನಾಗಲಿ ಗಣಿತವನ್ನಾಗಲಿ ಆರಿಸಿಕೊಳ್ಳದೆ ಚಿತ್ರಲೇಖನವನ್ನು ಆರಿಸಿಕೊಂಡೆನು. ಇದಕ್ಕೆ ಕಾರಣವುಂಟು. ಚಿತ್ರ ತೆಗೆಯುವದು ಜಾಣ ಕೈಗಳಿಗೆ ಮಾತ್ರ ಮೀಸಲಾದ ವಿದ್ಯೆಯೆಂದೂ, ಪರೀಕ್ಷೆಗೆ ಉಪಯೋಗಬೀಳದ ವಿನೋದವೆಂದೂ ನಿಮ್ಮಲ್ಲಿ ಅನೇಕರು ತಿಳಿದಿರುವಿರಿ. ನಿಮ್ಮ ತಂದೆತಾಯಿಗಳಲ್ಲಿಯೂ ಕೆಲವರು ಹಾಗೆಯೇ ತಿಳಿದಿರುವರು. ಆದರೆ ಪ್ರಕೃತಿಯನ್ನು ನೋಡಿ ಬರೆಯುವದು ಕೈಯ ವಿದ್ಯೆಗಿಂತ ಮೊದಲು ಕಣ್ಣಿನ ವಿದ್ಯೆಯಾಗಿದೆ. ತನ್ನ ಕಣ್ಣು ಕಂಡದ್ದನ್ನು ನಂಬಿ, ಅದನ್ನು ಹೆಚ್ಚುಕಡಿಮೆ ಮಾಡದೆ ನಾಲ್ಕು ಜನರ ಮುಂದೆ ಇಡಬಲ್ಲವಳಾಗುವದು ಯಾವ ಹೆಣ್ಣುಮಗಳಿಗೂ ಸಣ್ಣ ಲಾಭವಲ್ಲ.

ಈ ಮಾತನ್ನು ನಾನು ಕಲಿತದ್ದು ಶಿಕ್ಷಕಿಯರ ತರಬೇತಿಯ ಕಾಲದಲ್ಲಲ್ಲ, ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲೇ ಒಪ್ಪಿಕೊಳ್ಳುವೆನು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯವರಿಗೆ ದಸರೆಯ ರಜೆಯಲ್ಲಿ ತಮ್ಮ ಊರಿನ ಒಂದು ನೋಟವನ್ನು ಬರೆದುಕೊಂಡು ಬರಲು ಹೇಳಿದ್ದೆನು. ಇರಕಲ್ಲಗಡದಿಂದ ಬಂದು ವಸತಿಗೃಹದಲ್ಲಿದ್ದ ಹುಡುಗಿಯೊಬ್ಬಳು ತನ್ನ ಊರಿನ ಗುಡ್ಡವನ್ನು ಬರೆದು ತಂದಳು. ಅವಳಲ್ಲಿ ಇದ್ದದ್ದು ಹನ್ನೆರಡು ಬಣ್ಣಗಳ ಚಿಕ್ಕ ಪೆಟ್ಟಿಗೆ. ಮನೆಗಳೂ ಬೇವಿನ ಮರವೂ ಚೆನ್ನಾಗಿಯೇ ಬಂದಿದ್ದವು. ಆದರೆ ಗುಡ್ಡವೆಲ್ಲ ನೇರಳೆ ಬಣ್ಣದ್ದಾಗಿತ್ತು. ನಾನು ಕೆಂಪು ಶಾಯಿಯಿಂದ “ಗುಡ್ಡ ಎಲ್ಲಿಯಾದರೂ ನೇರಳೆಯಾಗಿರುವದೇ?” ಎಂದು ಬರೆದು ಹತ್ತಕ್ಕೆ ಮೂರು ಅಂಕಗಳನ್ನು ಕೊಟ್ಟೆನು. “ಅಕ್ಕೋರೇ, ಸಂಜೀ ಮುಂದ ಹಂಗಽ ಕಾಣತೈತ್ರಿ” ಎಂದು ಅವಳು ಮೆಲ್ಲಗೆ ಹೇಳಿದಳು. ಎದುರುತ್ತರ ಕೊಡಬಾರದೆಂದು ಗದರಿಸಿ ಕೂಡ್ರಿಸಿದೆನು. ಆ ವರ್ಷ ಅವಳು ತಾನಾಗಿ ಮತ್ತೆ ಬಣ್ಣದ ಪೆಟ್ಟಿಗೆಯನ್ನು ತೆರೆದದ್ದನ್ನು ನಾನು ಕಾಣಲಿಲ್ಲ. ಈ ಸಂಗತಿಯ ಉಳಿದ ಭಾಗವನ್ನು ಗುಡ್ಡದ ಪಾಠ ಬಂದಾಗ ಹೇಳುವೆನು. ಈಗ ಕ್ರಮವಾಗಿ ಪಾಠವನ್ನು ಆರಂಭಿಸೋಣ.

೧. ಸಾಮಗ್ರಿಗಳು

ಉಪಯೋಗಿಸುವ ವಸ್ತುವಿನ ಗುಣವನ್ನು ತಿಳಿಯದೆ ಕೆಲಸಕ್ಕೆ ಕೈಹಾಕಬಾರದು. ಸಾದಾ ಪೆನ್ಸಿಲಿನ ಕಡ್ಡಿಯು ಗ್ರಾಫೈಟಿನ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ, ಕುಲುಮೆಯಲ್ಲಿ ಸುಟ್ಟು ಮಾಡಿದ್ದು. ಈ ಕ್ರಮಕ್ಕೆ ಫ್ರಾನ್ಸ್ ದೇಶದ ನಿಕೊಲಾ ಜಾಕ್ ಕೊಂತೆ ಎಂಬವನು ೧೭೯೫ರಲ್ಲಿ ಹಕ್ಕುಪತ್ರ ಪಡೆದನು. ಬಣ್ಣದ ಪೆನ್ಸಿಲಿನ ಕಡ್ಡಿಯಾದರೋ ಬೇರೆ ಜಾತಿಯದು. ಬಣ್ಣದ ಪುಡಿ, ಬಿಳಿಯ ಜೇಡಿ, ಅಂಟು, ಮೇಣ ಅಥವಾ ಎಣ್ಣೆ, ಇವುಗಳನ್ನು ಕಲಸಿ ಕಡ್ಡಿ ಮಾಡಿ ಒಣಗಿಸುವರು. ಸುಟ್ಟರೆ ಮೇಣವು ಕರಗಿ ಬಣ್ಣವು ಕೆಡುವದರಿಂದ ಇದನ್ನು ಕುಲುಮೆಗೆ ಹಾಕುವದಿಲ್ಲ. ಜರ್ಮನಿಯ ಫೇಬರ್-ಕ್ಯಾಸ್ಟೆಲ್ ಕಾರಖಾನೆಯವರು ೧೯೦೮ರಲ್ಲಿ ಚಿತ್ರಕಾರರಿಗಾಗಿಯೇ ೬೦ ಬಣ್ಣಗಳ ಪೆನ್ಸಿಲುಗಳನ್ನು ಹೊರಡಿಸಿದರು. ನೀರು ತಾಗಿಸಿದರೆ ಕರಗಿ ಹರಡುವ ಬಣ್ಣದ ಪೆನ್ಸಿಲು ೧೯೩೧ರಲ್ಲಿ ಸ್ವಿಟ್ಸರ್ಲೆಂಡಿನಿಂದ ಬಂದಿತು. ನಮ್ಮ ದೇಶದಲ್ಲಿ ಮಕ್ಕಳ ಕೈಯಲ್ಲೆಲ್ಲ ಕಾಣುವ ನಟರಾಜ, ಅಪ್ಸರಾ ಪೆನ್ಸಿಲುಗಳ ಹಿಂದುಸ್ತಾನ್ ಪೆನ್ಸಿಲ್ಸ್ ಸಂಸ್ಥೆಯು ೧೯೫೮ರಲ್ಲಿ ಆರಂಭವಾಯಿತು. ಭಾರತದ ಪೆನ್ಸಿಲು ಕಾರಖಾನೆಗಳಿಗೆ ಬೇಕಾಗುವ ಮೆದುಕಟ್ಟಿಗೆಯ ಬಹುಭಾಗವು ಕಾಶ್ಮೀರದ ಪುಲ್ವಾಮಾ ಸೀಮೆಯ ಪಾಪ್ಲರ್ ಮರಗಳಿಂದ ದೊರೆಯುತ್ತದೆ.

ಬಣ್ಣದ ಕಡ್ಡಿಯಲ್ಲಿ ಮೇಣವಿರುವದರಿಂದ ನಾಲ್ಕು ನಿಯಮಗಳು ಹುಟ್ಟುತ್ತವೆ. ಮೊದಲನೆಯದು, ಒತ್ತಿ ಹಚ್ಚಿದ ಬಣ್ಣವನ್ನು ರಬ್ಬರು ಪೂರ್ಣವಾಗಿ ಅಳಿಸಲಾರದು. ಆದಕಾರಣ ಆರಂಭದಲ್ಲಿ ಕೈ ಹಗುರವಾಗಿರಬೇಕು. ಎರಡನೆಯದು, ಒಂದು ಬಣ್ಣದ ತೆಳು ಪದರದ ಮೇಲೆ ಮತ್ತೊಂದನ್ನು ಹಚ್ಚಿದರೆ ಕೆಳಗಿನದು ಮೇಲಿನದರೊಳಗಿಂದ ಕಾಣಿಸಿ ಮೂರನೆಯ ಬಣ್ಣವಾಗುವದು. ಹನ್ನೆರಡು ಬಣ್ಣಗಳಿದ್ದವಳು ಬಡವಳಲ್ಲವೆಂಬುದಕ್ಕೆ ಇದೇ ಆಧಾರ. ಮೂರನೆಯದು, ಬಹಳ ಒತ್ತಿ ಹಚ್ಚಿದ ಕಡೆಯಲ್ಲಿ ಕೆಲವು ದಿನಗಳ ತರುವಾಯ ಬೂದಿಯಂಥ ಬಿಳಿಯ ಮಬ್ಬು ಏಳುವದು. ಅದು ಬೂಜಲ್ಲ, ಮೇಲಕ್ಕೆ ಬಂದ ಮೇಣ. ಮೆತ್ತನೆಯ ಅರಿವೆಯಿಂದ ಹಗುರಾಗಿ ಒರಸಿದರೆ ಹೋಗುವದು. ನಾಲ್ಕನೆಯದು, ಕಡ್ಡಿಯು ಮೃದುವಾಗಿರುವದರಿಂದ ಪೆನ್ಸಿಲು ನೆಲಕ್ಕೆ ಬಿದ್ದರೆ ಒಳಗೊಳಗೇ ತುಂಡಾಗುವದು. ಆಮೇಲೆ ಮೆಂಡರಿನಲ್ಲಿ ಎಷ್ಟು ಹೆರೆದರೂ ಮೊನೆ ನಿಲ್ಲದು. ಪೆಟ್ಟಿಗೆಯನ್ನು ಎತ್ತಿ ಹಾಕುವ ಹುಡುಗಿಯರು ಇದನ್ನು ನೆನಪಿಡತಕ್ಕದ್ದು.

ಕಾಗದವು ತುಸು ದಪ್ಪವಾಗಿಯೂ ತುಸು ಒರಟಾಗಿಯೂ ಇರಲಿ. ನುಣುಪಾದ ಕಾಗದದ ಮೇಲೆ ಎರಡನೆಯ ಪದರವು ಜಾರುವದು. ಪೆಟ್ಟಿಗೆಯಲ್ಲಿ ಹಳದಿ, ಕಿತ್ತಳೆ, ಕೆಂಪು, ಗುಲಾಬಿ, ನೇರಳೆ, ತಿಳಿನೀಲಿ, ಕಡುನೀಲಿ, ತಿಳಿಹಸುರು, ಕಡುಹಸುರು, ಕಂದು, ಕಪ್ಪು ಇವು ಇದ್ದರೆ ಸಾಕು. ಕಪ್ಪನ್ನು ಮಾತ್ರ ಒಂದು ವರ್ಷದ ವರೆಗೆ ಮುಟ್ಟಬೇಡಿರಿ. ಯಾಕೆಂಬುದು ಮುಂದೆ ತಿಳಿಯುವದು.

ಬಣ್ಣವು ಅಂಗಡಿಯಿಂದಲೇ ಬರುವದೆಂದು ತಿಳಿಯಬಾರದು. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಜನರು ಮೋರ್ಯರ ಮನೆಗಳೆಂದು ಕರೆಯುವ ಪ್ರಾಚೀನ ಶಿಲಾಸಮಾಧಿಗಳ ಆಸುಪಾಸಿನ ಬಂಡೆಗಳಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಕೆಂಪು ಚಿತ್ರಗಳಿವೆ. ಈ ಸ್ಥಳವು ೨೦೨೧ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿತು. ಅಂಥ ಬಂಡೆಚಿತ್ರಗಳ ಕೆಂಪು ಕಬ್ಬಿಣದ ಅಂಶವುಳ್ಳ ಕೆಮ್ಮಣ್ಣಿನದು. ನಿಮ್ಮ ಪೆಟ್ಟಿಗೆಯ ಕಂದು ಪೆನ್ಸಿಲಿನಲ್ಲಿಯೂ ಸಾಧಾರಣವಾಗಿ ಇರುವದು ಅದೇ ಕಬ್ಬಿಣದ ತುಕ್ಕಿನ ಬಣ್ಣವೇ. ನಮ್ಮ ಸೀಮೆಯಲ್ಲಿ ಕಂಡದ್ದನ್ನು ಬರೆದಿಡುವ ಕೆಲಸವು ಶಾಲೆಗಳು ಹುಟ್ಟುವದಕ್ಕೆ ಎಷ್ಟೋ ಮುಂಚೆ ಆರಂಭವಾಯಿತೆಂದು ಇದರಿಂದ ತಿಳಿಯಿರಿ.

೨. ಮೊದಲು ನೋಟ, ಆಮೇಲೆ ಗೆರೆ

ಬರೆಯಬೇಕಾದ ವಸ್ತುವಿನ ಮುಂದೆ ಐದು ನಿಮಿಷ ಕೈಕಟ್ಟಿ ಕೂಡ್ರಿರಿ. ಪೆನ್ಸಿಲು ಪೆಟ್ಟಿಗೆಯಲ್ಲಿಯೇ ಇರಲಿ. ಆ ಐದು ನಿಮಿಷಗಳಲ್ಲಿ ನಾಲ್ಕು ಪ್ರಶ್ನೆಗಳನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಬೆಳಕು ಯಾವ ಕಡೆಯಿಂದ ಬರುತ್ತದೆ? ಎಲ್ಲಕ್ಕಿಂತ ಬೆಳ್ಳಗಿರುವ ಸ್ಥಳ ಯಾವದು? ಎಲ್ಲಕ್ಕಿಂತ ಕಪ್ಪಾಗಿರುವದು ಯಾವದು? ಈ ಬಣ್ಣವು ಯಾವ ಬಣ್ಣದ ಕಡೆಗೆ ವಾಲಿದೆ?

ನಾಲ್ಕನೆಯ ಪ್ರಶ್ನೆಯೇ ಕಠಿಣವಾದದ್ದು. ಯಾಕಂದರೆ ನಾವು ವಸ್ತುವನ್ನು ನೋಡುವದಕ್ಕೆ ಮುಂಚೆ ಅದರ ಹೆಸರನ್ನು ನೋಡುತ್ತೇವೆ. ಎಲೆ ಎಂದಕೂಡಲೆ ಹಸುರು, ಕಾಗೆ ಎಂದಕೂಡಲೆ ಕಪ್ಪು, ಆಕಾಶವೆಂದಕೂಡಲೆ ನೀಲಿ. ಇದಕ್ಕೆ ಒಂದು ಸುಲಭವಾದ ಉಪಾಯವುಂಟು. ಅಂಗೈಯಷ್ಟು ಬಿಳಿಯ ರಟ್ಟಿನ ನಡುವೆ ಕಡಲೆಕಾಳಿನಷ್ಟು ತೂತು ಮಾಡಿ, ಅದರೊಳಗಿಂದ ಒಂದು ಕಣ್ಣಿನಿಂದ ನೋಡಿರಿ. ತೂತಿನಲ್ಲಿ ಎಲೆಯಾಗಲಿ ಗುಡ್ಡವಾಗಲಿ ಕಾಣದು. ಬಣ್ಣದ ಒಂದು ಚುಕ್ಕೆ ಮಾತ್ರ ಕಾಣುವದು. ಚುಕ್ಕೆಗೆ ಹೆಸರಿಲ್ಲದ್ದರಿಂದ ಕಣ್ಣು ಸುಳ್ಳು ಹೇಳುವದಿಲ್ಲ.

ಹೆಸರು ಹೇಗೆ ಮೋಸಮಾಡುವದೆಂಬುದಕ್ಕೆ ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೇ ಸಾಕ್ಷಿ. ಬಯಲಿನ ತಂತಿಯ ಮೇಲೆ ಕೂತ ಈ ಹಕ್ಕಿಯನ್ನು ನೀವು ನೋಡಿರುವಿರಿ. ಕಂಠ ನೀಲಿಯೆಂದು ಹೆಸರು ಹೇಳುತ್ತದೆ. ಸಮೀಪದಿಂದ ನೋಡಿದರೆ ಅದರ ಕಂಠವೂ ಎದೆಯೂ ನಸುನೇರಳೆ ಬೆರೆತ ಕಂದು, ಅದರ ಮೇಲೆ ಬಿಳಿಯ ಗೀರುಗಳು. ನೆತ್ತಿಯ ಮೇಲೆ ನೀಲಿಯುಂಟು. ಕೂತಾಗ ಮೈಯ ಬಹುಭಾಗವು ಮಂಕಾಗಿ ತೋರುವದು. ಹಾರಿದಾಗ ರೆಕ್ಕೆ ಬಿಚ್ಚಿ ತಿಳಿನೀಲಿ ಕಡುನೀಲಿಗಳ ಪಟ್ಟಿಗಳು ಥಟ್ಟನೆ ಹೊಳೆಯುವವು. ಆ ನೀಲಿಯೂ ಬಣ್ಣದ ಪುಡಿಯಿಂದಾದದ್ದಲ್ಲ. ಗರಿಯ ಒಳಗಿನ ಅತಿಸೂಕ್ಷ್ಮವಾದ ರಚನೆಯು ಬೆಳಕನ್ನು ಚದರಿಸುವದರಿಂದ ನೀಲಿ ತೋರುವದು. ಹೆಸರನ್ನು ನಂಬಿ ಕಂಠಕ್ಕೆ ನೀಲಿ ಬಳಿದವಳು ಹಕ್ಕಿಯನ್ನು ನೋಡಲಿಲ್ಲವೆಂದೇ ಅರ್ಥ.

ಇಲ್ಲಿ ಒಂದು ಸಂದೇಹ ಬರಬಹುದು. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರು ಗಿಳಿಗೆ ಅಪ್ಪಟ ಹಸುರನ್ನೂ ಹಣ್ಣಿಗೆ ಅಪ್ಪಟ ಕೆಂಪನ್ನೂ ಹಚ್ಚುವರಲ್ಲ, ಅವರು ತಪ್ಪು ಮಾಡುವರೇ? ಇಲ್ಲ. ಅವರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಸಂದುಗಳನ್ನು ಬೆಸೆದು, ಮೇಲೆ ಬಣ್ಣವಿಟ್ಟು ಗೊಂಬೆಗಳನ್ನು ಮಾಡುವರು. ತಮ್ಮ ಹಿರಿಯರು ಹಂಪೆಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಆ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಗೊಂಬೆಯ ಬಣ್ಣವು ಪರಂಪರೆಯ ಬಣ್ಣ. ಅದು ದೂರದಿಂದ ಕಾಣಬೇಕು, ಮಗುವಿನ ಮನಸ್ಸನ್ನು ಸೆಳೆಯಬೇಕು. ಪ್ರಕೃತಿಚಿತ್ರದ ಉದ್ದೇಶವೇ ಬೇರೆ. ಈ ದಿನ, ಈ ಹೊತ್ತಿನಲ್ಲಿ, ಈ ಗಿಳಿಯು ಹೇಗಿತ್ತೆಂಬುದನ್ನು ಅದು ಹೇಳಬೇಕು. ಎರಡೂ ಒಳ್ಳೆಯವೇ. ಒಂದರ ಕೆಲಸವನ್ನು ಮತ್ತೊಂದರಲ್ಲಿ ಮಾಡಬಾರದು, ಇಷ್ಟೇ.

೩. ಎಲೆಯ ಪಾಠ

ಮೊದಲಿಗೆ ಎಕ್ಕದ ಎಲೆಯನ್ನು ತಕ್ಕೊಳ್ಳಿರಿ. ರಸ್ತೆಯ ಮಗ್ಗುಲಲ್ಲಿ ಎಲ್ಲಿಯೂ ಸಿಕ್ಕುವದು. ಆದರೆ ಅದನ್ನು ಕೀಳಬೇಡಿರಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಗಿಡದ ಬಳಿಯಲ್ಲಿಯೇ ಕೂತು ಬರೆಯಿರಿ.

ರಚನೆಯನ್ನು ಮೊದಲು ನೋಡಿರಿ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿವೆ. ಒಂದು ಜೋಡಿಯು ಕೆಳಗಿನ ಜೋಡಿಗೆ ಅಡ್ಡವಾಗಿ ನಿಂತಿದೆ. ಎಲೆಗೆ ತೊಟ್ಟು ಇಲ್ಲವೆಂಬಷ್ಟು ಚಿಕ್ಕದು. ಬುಡವು ಹೃದಯದಾಕಾರವಾಗಿ ದಂಟನ್ನು ಅಪ್ಪಿಕೊಂಡಿದೆ. ಇದನ್ನು ಕಾಣದೆ ಬರೆದರೆ ಬಣ್ಣವೆಷ್ಟು ಚೆನ್ನಾಗಿದ್ದರೂ ಅದು ಎಕ್ಕವಾಗದು.

ಈಗ ಬರೆಯುವ ಕ್ರಮ:

ಮೊದಲು ಸಾದಾ ಪೆನ್ಸಿಲಿನಿಂದ ನಡುನರವನ್ನು, ಆಮೇಲೆ ಅಂಚನ್ನು, ಕಾಣಿಸಿಯೂ ಕಾಣಿಸದಂತೆ ಎಳೆಯಿರಿ. ದಪ್ಪ ಗೆರೆಯು ಬಣ್ಣದ ಕೆಳಗೆ ಕೊಳೆಯಾಗಿ ಉಳಿಯುವದು.

ಎಕ್ಕದ ನರಗಳು ಎಲೆಗಿಂತ ಬೆಳ್ಳಗಿವೆ. ಬಣ್ಣ ಹಚ್ಚುವದಕ್ಕೆ ಮುಂಚೆ, ಶಾಯಿ ತೀರಿದ ಬಾಲ್‌ಪೆನ್ನಿನಿಂದಾಗಲಿ ಮೊಂಡಾದ ಹೆಣಿಕೆಯ ಸೂಜಿಯಿಂದಾಗಲಿ ನರಗಳ ಗುಂಟ ಒತ್ತಿ ಎಳೆಯಿರಿ. ಕಾಗದದಲ್ಲಿ ಸಣ್ಣ ಕಾಲುವೆಗಳಾಗುವವು. ಮೇಲಿಂದ ಪೆನ್ಸಿಲನ್ನು ಅಡ್ಡಹಿಡಿದು ಬಣ್ಣ ಹಚ್ಚಿದರೆ ಆ ಕಾಲುವೆಗಳೊಳಗೆ ಬಣ್ಣ ಇಳಿಯದೆ ನರಗಳು ಬೆಳ್ಳಗೆ ಉಳಿಯುವವು.

ಮೊದಲನೆಯ ಪದರ ತೆಳುವಾದ ಹಳದಿ. ಎರಡನೆಯದು ತಿಳಿಹಸುರು. ಇಲ್ಲಿಯೇ ನಿಲ್ಲಿಸಿ ರಟ್ಟಿನ ತೂತಿನಿಂದ ಎಲೆಯನ್ನು ನೋಡಿರಿ. ಎಕ್ಕದ ಎಲೆಯ ಮೇಲೆ ಮೇಣದಂಥ ಬೂದಿಪುಡಿಯಿರುವದರಿಂದ ಅದು ಮಾವಿನೆಲೆಯಂತೆ ಹಸುರಲ್ಲ, ಹಸುರುನೀಲಿ ಬೂದಿ. ಆದಕಾರಣ ಮೂರನೆಯ ಪದರವಾಗಿ ತಿಳಿನೀಲಿಯನ್ನು ಹಗುರವಾಗಿ ಹಾಯಿಸಿರಿ. ಬೆಳಕು ಬಿದ್ದ ಕಡೆಯಲ್ಲಿ ಕಾಗದವನ್ನು ಬರಿದಾಗಿ ಬಿಡಿರಿ. ಬಣ್ಣದ ಪೆನ್ಸಿಲಿನ ಕೆಲಸದಲ್ಲಿ ಕಾಗದದ ಬಿಳಿಯೇ ಎಲ್ಲಕ್ಕಿಂತ ಒಳ್ಳೆಯ ಬಿಳಿ.

ನೆರಳಿಗೆ ಕಪ್ಪನ್ನು ಹಚ್ಚುವದು ಎಲ್ಲರ ಚಟ. ಕಪ್ಪು ಹಸುರನ್ನು ಕೊಲ್ಲುವದು. ಅದರ ಬದಲು ಹಸುರಿನ ಮೇಲೆ ಕೆಂಪನ್ನು ಅತಿ ತೆಳುವಾಗಿ ಹಾಯಿಸಿರಿ. ಹಸುರೂ ಕೆಂಪೂ ಒಂದನ್ನೊಂದು ಮಂಕುಮಾಡುವ ಬಣ್ಣಗಳಾದ್ದರಿಂದ ಅಲ್ಲಿ ಜೀವವುಳ್ಳ ನೆರಳು ಹುಟ್ಟುವದು. ಹಳದಿಗೆ ನೇರಳೆಯೂ ಕಿತ್ತಳೆಗೆ ನೀಲಿಯೂ ಹೀಗೆಯೇ ಜೊತೆಗಾರರು.

ಎಕ್ಕವನ್ನು ಕಲಿತವಳು ಬೇವಿಗೆ ಹೋಗಲಿ. ಬೇವಿನ ಪ್ರತಿಯೊಂದು ಕಿರಿಯೆಲೆಯ ಬುಡವು ಎರಡು ಮಗ್ಗುಲಿಗೂ ಸಮನಾಗಿಲ್ಲ, ಅಂಚಿನಲ್ಲಿ ಗರಗಸದ ಹಲ್ಲುಗಳಿವೆ, ಚಿಗುರು ತಾಮ್ರದ ಬಣ್ಣದ್ದು. ಯುಗಾದಿಯ ಹೊತ್ತಿಗೆ ಬೇವು ಚಿಗುರಿದ್ದನ್ನು ಹುಟ್ಟಿದಂದಿನಿಂದ ನೋಡಿಯೂ, ಅದು ಹಸುರೆಂದೇ ಎಷ್ಟು ಜನರು ಹೇಳುವರು!

೪. ಹೂವಿನ ಪಾಠ

ಮುತ್ತುಗದ ಮರವು ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಎಲೆಗಳನ್ನೆಲ್ಲ ಉದುರಿಸಿ ಮೈತುಂಬ ಹೂಬಿಡುವದು. ಹೋಳಿಗೆ ಈ ಹೂವುಗಳಿಂದ ಕೇಸರಿ ಬಣ್ಣ ತೆಗೆಯುವ ರೂಢಿಯುಂಟು. ಒಂದು ಗೊಂಚಲನ್ನು ಮುಂದಿಟ್ಟುಕೊಂಡು ನೋಡಿರಿ. ಹೂವು ಗಿಳಿಯ ಕೊಕ್ಕಿನಂತೆ ಬಾಗಿದೆ. ದಳಗಳ ಹೊರಮೈಯಲ್ಲಿ ರೇಶಿಮೆಯಂಥ ಬೆಳ್ಳಗಿನ ರೋಮಗಳಿವೆ. ಕೆಳಗಿನ ಬಟ್ಟಲು ಕಡುಕಂದಾದ ಮಖಮಲ್ಲಿನಂತಿದೆ.

ಹೂವಿಗೆ ನಿಯಮವೊಂದೇ: ತಿಳಿಬಣ್ಣದಿಂದ ಕಡುಬಣ್ಣಕ್ಕೆ ಹೋಗಬೇಕು, ಹಿಂದಿರುಗಲು ಬರುವದಿಲ್ಲ. ಮೊದಲು ಹಳದಿಯ ಪದರ, ಅದರ ಮೇಲೆ ಕಿತ್ತಳೆ, ಮಡಿಕೆಗಳಲ್ಲಿ ಮಾತ್ರ ಕೆಂಪು. ಗೆರೆಗಳು ದಳದ ಬಾಗಿನ ಗುಂಟವೇ ಹೋಗಲಿ. ಅಡ್ಡಗೆರೆ ಎಳೆದರೆ ಹೂವು ಚಪ್ಪಟೆಯಾಗುವದು. ರೋಮಗಳಿರುವ ಕಡೆಯಲ್ಲಿ ಬಣ್ಣವನ್ನು ಬಿಡಿಬಿಡಿಯಾಗಿ ಹಚ್ಚಿ ಕಾಗದವು ಮಿನುಗುವಂತೆ ಬಿಡಿರಿ. ಕಡುಕಂದು ಬಟ್ಟಲಿಗೆ ಕಂದಿನ ಮೇಲೆ ಕಡುನೀಲಿ ಹಾಯಿಸಿರಿ. ಇದು ಪೆಟ್ಟಿಗೆಯ ಕಪ್ಪಿಗಿಂತ ಆಳವಾದ ಕಪ್ಪನ್ನು ಕೊಡುವದು. ಎಲ್ಲ ಮುಗಿದ ಮೇಲೆ ಹೊಳಪು ಬೇಕಾದ ಕಡೆಯಲ್ಲಿ ತಿಳಿಬಣ್ಣದ ಪೆನ್ಸಿಲಿನಿಂದ ಬಲವಾಗಿ ತಿಕ್ಕಿದರೆ ಕೆಳಗಿನ ಪದರಗಳು ಒಂದಾಗಿ ನುಣುಪಾಗುವವು.

ಗುಲಾಬಿ, ನೇರಳೆ ಮುಂತಾದ ಕೆಲವು ಬಣ್ಣಗಳು ಬಿಸಿಲಿಗೆ ಬೇಗನೆ ಮಾಸುವವು. ನಿಮ್ಮ ಪೆಟ್ಟಿಗೆಯ ಬಣ್ಣಗಳು ಎಂಥವೆಂದು ತಿಳಿಯಬೇಕಾದರೆ, ಒಂದು ಪಟ್ಟಿಯ ಮೇಲೆ ಎಲ್ಲವನ್ನೂ ಹಚ್ಚಿ, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಮೂರು ತಿಂಗಳು ಕಿಟಕಿಗೆ ತೂಗಹಾಕಿರಿ. ರಟ್ಟನ್ನು ತೆಗೆದಾಗ ಯಾವದು ನಿಲ್ಲುವ ಬಣ್ಣ, ಯಾವದು ಓಡುವ ಬಣ್ಣವೆಂದು ತಾನೇ ಹೇಳುವದು.

೫. ಗುಡ್ಡದ ಪಾಠ

ಈಗ ನನ್ನ ತಪ್ಪಿನ ಸಂಗತಿಗೆ ಬರುವೆನು. ಮರುವರ್ಷ ಬೇಸಿಗೆಯ ರಜೆ ಮುಗಿದು ಎರಡು ವಾರಗಳಾದರೂ ಆ ಹುಡುಗಿ ಶಾಲೆಗೆ ಬರಲಿಲ್ಲ. ಮನೆಯವರನ್ನು ಕಂಡು ಮಾತಾಡಬೇಕೆಂದು ನಾನೇ ಇರಕಲ್ಲಗಡಕ್ಕೆ ಹೋದೆನು. ಹೆಸರಿನಲ್ಲಿಯೇ ಕಲ್ಲೂ ಗಡವೂ ಇರುವ ಊರು ಅದು. ತಂದೆ ಇನ್ನೂ ಹೊಲದಿಂದ ಬಂದಿರಲಿಲ್ಲ. “ಬರ್ರಿ ಅಕ್ಕೋರೇ, ಒಳಗ ಧಗಿ ಐತಿ, ಮಾಳಿಗಿ ಮ್ಯಾಲ ಕುಂದರ್ರಿ” ಎಂದು ತಾಯಿ ಮೇಲೆ ಕಂಬಳಿ ಹಾಸಿ ಚಹಾ ತಂದುಕೊಟ್ಟಳು. ಮಗಳು ಬಾರದ್ದಕ್ಕೆ ಕಾರಣ ಕೇಳಿದೆನು. ಮನೆಯಲ್ಲಿ ಕೆಲಸವಿದ್ದದ್ದು ನಿಜ. ಅದರ ಜೊತೆಗೆ ತಾಯಿ ಇನ್ನೊಂದು ಮಾತು ಹೇಳಿದಳು: “ನನಗ ಏನೂ ತಿಳಿಯೂದಿಲ್ಲ, ನಾ ಬರದದ್ದೆಲ್ಲಾ ತಪ್ಪಽ ಆಗತೈತಿ ಅಂತಾಳ್ರಿ.”

ಮನೆಯ ಪಡುವಣ ದಿಕ್ಕಿಗೆ ಗುಡ್ಡ. ನಾನು ಹೋದಾಗ ಅದು ಬೂದಿ ಬೆರೆತ ಕಂದು ಬಣ್ಣದ್ದಾಗಿತ್ತು. ಸೂರ್ಯನು ಗುಡ್ಡದ ಹಿಂದೆ ಇಳಿದಂತೆಲ್ಲ ಬಂಡೆಗಳ ಗುರುತು ಅಳಿಸುತ್ತ ಬಂದು, ನಮ್ಮ ಕಡೆಯ ಮಗ್ಗುಲೆಲ್ಲ ಮೊದಲು ನೀಲಿಯಾಯಿತು. ಮೇಲೆ ಆಕಾಶವು ಕಿತ್ತಳೆಯಾದ ಹೊತ್ತಿಗೆ ಗುಡ್ಡವು ತಲೆಯಿಂದ ಬುಡದ ವರೆಗೆ ನೇರಳೆಯಾಗಿ ನಿಂತಿತು. ಕೆಂಪು ಶಾಯಿಯ ನನ್ನ ಪ್ರಶ್ನೆಗೆ ಗುಡ್ಡವೇ ಉತ್ತರ ಕೊಟ್ಟಿತು. ಹುಡುಗಿ ಮೆಟ್ಟಿಲಿನ ಹತ್ತಿರ ನಿಂತಿದ್ದಳು. ಒಂದು ಮಾತನ್ನೂ ಆಡಲಿಲ್ಲ. “ನೀನು ಬರೆದದ್ದೇ ಸರಿ, ನಾನು ನೋಡದೆ ತಪ್ಪು ಹಾಕಿದೆನು” ಎಂದು ಹೇಳಿದೆನು. ತಂದೆ ಬಂದ ಮೇಲೆ ಬಹಳ ಹೊತ್ತು ಮಾತಾಯಿತು. ಮುಂದಿನ ವಾರ ಅವಳು ಶಾಲೆಗೆ ಬಂದಳು. ತರಗತಿಯ ಮುಂದೆ ಆ ಹಳೆಯ ಹಾಳೆಯನ್ನು ತರಿಸಿ, ಮೂರನ್ನು ಹೊಡೆದುಹಾಕಿ ಒಂಭತ್ತು ಅಂಕಗಳನ್ನು ಬರೆದು, ಕಾರಣವನ್ನೂ ಹೇಳಿದೆನು. ಒಂದು ಅಂಕವನ್ನು ಯಾಕೆ ಉಳಿಸಿಕೊಂಡಿರೆಂದು ಹುಡುಗಿಯರು ಕೇಳಿದರು. ಬೇವಿನ ನೆರಳು ಕಪ್ಪಾಗಿತ್ತಲ್ಲ! ಅವಳು ಎಸ್.ಎಸ್.ಎಲ್.ಸಿ. ಮುಗಿಸಿಯೇ ಶಾಲೆ ಬಿಟ್ಟಳು.

ಗುಡ್ಡ ನೇರಳೆಯಾಗುವದಕ್ಕೆ ಕಾರಣವೇನು? ಬಿಸಿಲು ಬಿದ್ದ ಮಗ್ಗುಲಿಗೆ ಸೂರ್ಯನು ಬೆಳಕು ಕೊಡುವನು. ನೆರಳಿನ ಮಗ್ಗುಲಿಗಾದರೋ ಬೆಳಕು ಕೊಡುವದು ಆಕಾಶ. ಗಾಳಿಯ ಕಣಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುವವೆಂದು ಇಂಗ್ಲೆಂಡಿನ ರ‍್ಯಾಲೆ ಎಂಬ ಪಂಡಿತನು ೧೮೭೧ರಲ್ಲಿ ವಿವರಿಸಿದನು. ಆಕಾಶದ ನೀಲಿಗೆ ಇದೇ ಕಾರಣ. ನಮಗೂ ಗುಡ್ಡಕ್ಕೂ ನಡುವಿನ ಗಾಳಿಯು ಅದೇ ನೀಲಿಯ ತೆಳು ಪರದೆಯನ್ನು ಹಾಸುವದು. ನಮ್ಮ ಸೀಮೆಯ ಬಂಡೆಗಳಲ್ಲಿ ಅನೇಕವು ಕೆಂಪು ಛಾಯೆಯವು. ಇಳಕಲ್ಲು ಕುಷ್ಟಗಿಗಳ ಕಡೆಯ ಗುಲಾಬಿ ಬಣ್ಣದ ಗ್ರಾನೈಟು ಹೊರದೇಶಗಳಿಗೂ ಹೋಗುವದು. ಕಲ್ಲಿನ ಕೆಂಪು, ಸಂಜೆಯ ಮೋಡಗಳ ಕೆಂಪು, ಆಕಾಶದ ನೀಲಿ, ಇವು ಕೂಡಿದರೆ ನೇರಳೆಯಲ್ಲದೆ ಮತ್ತೇನಾದೀತು?

ಇಂಥ ಪ್ರಶ್ನೆಗಳು ಹುಡುಗಾಟದವೆಂದು ತಿಳಿಯಬೇಡಿರಿ. ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿ ಯುರೋಪಿನಿಂದ ಹಡಗದಲ್ಲಿ ಬರುವಾಗ ಸಮುದ್ರವು ಯಾಕೆ ನೀಲಿಯೆಂದು ಕೇಳಿಕೊಂಡರು. ಬೆಳಕು ಚದರುವದನ್ನು ಕುರಿತ ಶೋಧಕ್ಕಾಗಿ ೧೯೩೦ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಬೆಂಗಳೂರಿನಲ್ಲಿ ನೆಲೆಸಿದ ಅವರು ೧೯೬೦ರ ದಶಕದಲ್ಲಿ, ತಮ್ಮ ಎಪ್ಪತ್ತು ವರ್ಷಗಳು ದಾಟಿದ ಮೇಲೆ, ಹೂವುಗಳ ಬಣ್ಣವನ್ನೂ ಕಣ್ಣಿನ ನೋಟವನ್ನೂ ಕುರಿತು ಪ್ರಬಂಧಗಳನ್ನು ಬರೆದರು. ಚಿತ್ರಕಾರರಲ್ಲಿ ಮೈಸೂರು ಸೀಮೆಯ ಕೆ. ವೆಂಕಟಪ್ಪನವರು (೧೮೮೬–೧೯೬೫) ಉದಕಮಂಡಲ, ಕೊಡೈಕೆನಾಲುಗಳ ಗುಡ್ಡಗಳನ್ನು ಮಂಜು ಬೆಳಕುಗಳ ಬೇರೆ ಬೇರೆ ಹೊತ್ತುಗಳಲ್ಲಿ ಜಲವರ್ಣದಿಂದ ಬರೆದರು. ಒಬ್ಬರು ಕಾರಣವನ್ನು ಹುಡುಕಿದರು, ಮತ್ತೊಬ್ಬರು ರೂಪವನ್ನು ಹಿಡಿದರು. ಇಬ್ಬರೂ ಮೊದಲು ನೋಡಿದರು.

ಸಂಜೆಯ ಗುಡ್ಡವನ್ನು ಬರೆಯುವ ಕ್ರಮ ಹೀಗೆ: ಆಕಾಶಕ್ಕೆ ಕೆಳಗೆ ಹಳದಿ, ಮೇಲೆ ಹೋದಂತೆ ಕಿತ್ತಳೆ, ಆಮೇಲೆ ತಿಳಿನೀಲಿ, ಒಂದರೊಳಗೊಂದು ಕರಗುವಂತೆ ಹಚ್ಚಿರಿ. ಗುಡ್ಡಕ್ಕೆ ಮೊದಲು ಗುಲಾಬಿಯ ತೆಳು ಪದರ, ಅದರ ಮೇಲೆ ತಿಳಿನೀಲಿ, ಅದರ ಮೇಲೆ ಬೇಕಾದಷ್ಟೇ ನೇರಳೆ. ಪೆಟ್ಟಿಗೆಯ ನೇರಳೆಯೊಂದನ್ನೇ ಬಳಿದರೆ ಗುಡ್ಡವು ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದಂತೆ ಕಾಣುವದು. ದೂರದ ಗುಡ್ಡ ತಿಳಿಯಾಗಿರಲಿ, ಅಂಚು ಮೃದುವಾಗಿರಲಿ. ಹತ್ತಿರದ ಬಂಡೆಗೆ ಕಂದನ್ನು ಸೇರಿಸಿ ಅಂಚನ್ನು ಗಟ್ಟಿಮಾಡಿರಿ. ದೂರ ಹತ್ತಿರಗಳು ಇಷ್ಟರಿಂದಲೇ ತೋರುವವು.

೬. ದಿನಕ್ಕೊಂದು ಚಿತ್ರ

ಸುಮಾರು ೧೮೦ ವರ್ಷಗಳ ಹಿಂದೆ ಶಿವಮೊಗ್ಗೆಯ ಸೀಮೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬವನು ಒಬ್ಬ ಮರಾಠಾ ಚಿತ್ರಕಾರನನ್ನು ನೇಮಿಸಿ, ದಿನಕ್ಕೊಂದು ಗಿಡದಂತೆ ಚಿತ್ರ ಬರೆಯಿಸುತ್ತಿದ್ದನು. ಅವನು ಸಂಗ್ರಹಿಸಿದ ಚಿತ್ರಗಳು ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿ ಇಂದಿಗೂ ಇವೆ. ಆಗ ನಮ್ಮ ನಾಡಿನ ಹೊಲದ ಬದುಗಳಲ್ಲಿ ಏನು ಬೆಳೆಯುತ್ತಿತ್ತೆಂದು ಅವು ಇಂದು ಹೇಳುತ್ತವೆ.

ನೀವು ವಾರಕ್ಕೊಂದನ್ನಾದರೂ ಬರೆಯಿರಿ. ಚಿತ್ರದ ಕೆಳಗೆ ತಾರೀಖು, ಊರು, ಹೊತ್ತು ಇವನ್ನು ಬರೆಯಿರಿ. ಗಿಡದ ಹೆಸರನ್ನು ನಿಮ್ಮ ಅಜ್ಜಿಯನ್ನು ಕೇಳಿ ಬರೆಯಿರಿ. ನಮ್ಮ ಸೀಮೆಯು ಬದಲಾಗುತ್ತಿದೆ. ೧೯೫೩ರ ತರುವಾಯ ತುಂಗಭದ್ರೆಯ ಕಾಲುವೆಗಳು ಬಂದು ಗಂಗಾವತಿಯ ಕಡೆಯ ಒಣನೆಲವು ಭತ್ತದ ಗದ್ದೆಯಾಯಿತು. ಜೋಳ ಸಜ್ಜೆಗಳ ಹೊಲಗಳಲ್ಲಿ ಮೆಕ್ಕೆಜೋಳವೂ ದಾಳಿಂಬೆಯೂ ಬಂದಿವೆ. ಇದರಿಂದ ಒಳಿತಾಗಿದೆ. ಆದರೆ ಬದುವಿನ ಗಿಡ ಹೋದಲ್ಲಿ ಅದರ ಹೆಸರೂ ಹೋಗುವದು. ಅಜ್ಜಿಯ ಬಾಯಿಂದ ಕೇಳಿ ನೀವು ಬರೆದಿಟ್ಟ ಒಂದು ಹೆಸರು, ನೋಡಿ ಬರೆದಿಟ್ಟ ಒಂದು ಎಲೆ, ಮುಂದೆ ಯಾರಿಗೋ ಏಕಮಾತ್ರ ಸಾಕ್ಷಿಯಾದೀತು. ಸಾಕ್ಷಿಯು ನಿಜವಾಗಿರಬೇಕಷ್ಟೆ.

೭. ಅಭ್ಯಾಸಕ್ಕೆ

(೧) ಒಂದೇ ಗುಡ್ಡವನ್ನಾಗಲಿ ಮರವನ್ನಾಗಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಸಲ ಚಿಕ್ಕದಾಗಿ ಬರೆದು ಬಣ್ಣಗಳನ್ನು ಹೋಲಿಸಿರಿ.

(೨) ಎಕ್ಕ, ಬೇವು, ಹುಣಸೆ, ಮುತ್ತುಗ, ಈ ನಾಲ್ಕರ ಎಲೆಗಳನ್ನು ಹಸುರು ಪೆನ್ಸಿಲಿಲ್ಲದೆ ಹಳದಿ ನೀಲಿಗಳಿಂದಲೇ ಬರೆಯಿರಿ. ನಾಲ್ಕು ಹಸುರುಗಳೂ ಬೇರೆಬೇರೆಯಾಗಿ ಬರಬೇಕು.

(೩) ಮನೆಯ ಗೋಡೆಯ ಮೇಲೆ ಬಿದ್ದ ನೆರಳನ್ನು ರಟ್ಟಿನ ತೂತಿನಿಂದ ನೋಡಿ ಅದರ ಬಣ್ಣವನ್ನು ಬರೆಯಿರಿ. ಕಪ್ಪು ಎಂದು ಉತ್ತರ ಬಂದರೆ ಮತ್ತೊಮ್ಮೆ ನೋಡಿರಿ.

(೪) ಗಂಡುಗಿಳಿಗೂ ಹೆಣ್ಣುಗಿಳಿಗೂ ಕೊರಳಿನಲ್ಲಿರುವ ಭೇದವನ್ನು ನೋಡಿ ಎರಡನ್ನೂ ಬರೆಯಿರಿ.

(೫) ನಿಮ್ಮ ತಂಗಿಯಾಗಲಿ ತಮ್ಮನಾಗಲಿ ಬರೆದ ಒಂದು ಚಿತ್ರದಲ್ಲಿ ನಿಮಗೆ ತಪ್ಪೆಂದು ತೋರಿದ ಒಂದು ಬಣ್ಣವನ್ನು ಆರಿಸಿ, ತಪ್ಪೆನ್ನುವ ಮೊದಲು ಅವರೊಡನೆ ಹೋಗಿ ಆ ವಸ್ತುವನ್ನು ನೋಡಿಬನ್ನಿರಿ.

ಐದನೆಯ ಅಭ್ಯಾಸವನ್ನು ನಿಮಗೆ ಕೊಟ್ಟಂತೆಯೇ ನನ್ನ ಸಹೋದ್ಯೋಗಿನಿಯರಿಗೂ ಕೊಡುತ್ತೇನೆ. ಕೆಂಪು ಶಾಯಿಯ ಬಾಟಲಿಯು ನಮ್ಮ ಮೇಜಿನ ಮೇಲೆ ಯಾವಾಗಲೂ ಸಿದ್ಧವಾಗಿರುವದು. ಗುಡ್ಡವು ಮಾತ್ರ ಇರಕಲ್ಲಗಡದಲ್ಲಿದೆ, ನಾವೇ ಅಲ್ಲಿಗೆ ಹೋಗಬೇಕು.

ನಿಮ್ಮ ಹಿತಚಿಂತಕಿ,
ಮುಖ್ಯೋಪಾಧ್ಯಾಯಿನಿ